ಸುಳಿ ಬಾಡಿದ ಸುದ್ದಿ

ರಾತ್ರಿ ಹತ್ತರ ಮೇಲೆ ನನ್ನ ಫೋನ್ ಸದ್ದು ಮಾಡುವುದು ಎರಡೇ ನಂಬರಿಗೆ. ಒಂದು ನಮ್ಮ ಕಂಪನಿಯದು. ಯಾವುದಾದರೂ ಆಸ್ಪತ್ರೆಯಲ್ಲಿ ನಮ್ಮ ಸಾಫ್ಟ್‌ವೇರ್ ನಿಂತುಹೋದರೆ ಅಲ್ಲಿಂದ ಕರೆ ಬರುತ್ತದೆ. ಇನ್ನೊಂದು ತಿಪಟೂರು ತಾಲ್ಲೂಕಿನ ನಮ್ಮ ತೋಟದ ಬೋರ್‌ವೆಲ್ ಸ್ಟಾರ್ಟರಿನದು. ಅದರೊಳಗೆ ಒಂದು ಸಿಮ್ ಇದೆ. ತ್ರೀ ಫೇಸ್ ಕರೆಂಟ್ ಬಂದರೆ, ಹೋದರೆ, ಮೋಟರ್ ನಿಂತರೆ ಅದು ನನಗೆ ಫೋನ್ ಮಾಡುತ್ತದೆ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಎಷ್ಟೋ ಸಲ ಬರುವುದೇ ನಡುರಾತ್ರಿ. ಎರಡು ಗಂಟೆಗೆ ಎದ್ದು, ಯಾವುದು ಕೂಗಿತು ಅಂತ ನೋಡಿ, ಮತ್ತೆ ಮಲಗುವುದು ಅಭ್ಯಾಸವಾಗಿಹೋಗಿದೆ.

ನನಗೀಗ 47. ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರಿಂಗ್ ವಿಭಾಗದ ಹೊಣೆ ನನ್ನದು. ನನ್ನ ಕೆಳಗೆ 110 ಜನ ಇದ್ದಾರೆ. ಊರಲ್ಲಿ 4 ಎಕರೆ 10 ಗುಂಟೆ ಜಮೀನು. 162 ತೆಂಗಿನ ಮರ, ಉಳಿದದ್ದು ರಾಗಿ ಹೊಲ. ಎರಡನ್ನೂ ಹೇಗೆ ಮಾಡ್ತೀರಿ, ಟೈಮ್ ಹೊಂದಿಸೋದು ಕಷ್ಟ ಅಲ್ವಾ ಅಂತ ಜನ ಕೇಳುತ್ತಾರೆ. ಟೈಮ್ ಹೇಗೋ ಹೊಂದುತ್ತದೆ. ಕಷ್ಟ ಇರುವುದು ಬೇರೆ ಕಡೆ. ಅದು ನನಗೆ ಗೊತ್ತಾಗುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು, ನಾಲ್ಕು ಮರ ಹೋಗಿದ್ದವು.

ಅಪ್ಪ ತೀರಿಕೊಂಡಿದ್ದು 2019ರ ನವೆಂಬರಿನಲ್ಲಿ. ತಿಪಟೂರಿನಿಂದ ತುಮಕೂರು, ತುಮಕೂರಿನಿಂದ ಬೆಂಗಳೂರು ಅಂತ ಎರಡು ದಿನ ಓಡಾಡಿದೆವು. ಅವರ ಕಾಗದಗಳೆಲ್ಲ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಹಳೇ ಇಸಿಜಿಯ ಗೆರೆ ಮಾಸಿ ಬರೀ ಬಿಳಿ ಹಾಳೆಯಾಗಿತ್ತು. ಹೋದ ಕಡೆಯಲ್ಲೆಲ್ಲ ಅದೇ ಪ್ರಶ್ನೆ: ಯಾವ ಮಾತ್ರೆ ತಗೊಳ್ತಾರೆ, ಶುಗರ್ ಎಷ್ಟು ವರ್ಷದಿಂದ ಇದೆ? ಹೋದ ಕಡೆಯಲ್ಲೆಲ್ಲ ಅದೇ ರಕ್ತ ಪರೀಕ್ಷೆ. ಆ ಹೊತ್ತಿಗೆ ನಾನು ಇದೇ ಕ್ಷೇತ್ರದಲ್ಲಿ 15 ವರ್ಷ ಕೆಲಸ ಮಾಡಿದ್ದೆ. ಆದರೂ ಸ್ವಂತ ಅಪ್ಪನ ವಿಷಯಕ್ಕೆ ಬಂದಾಗ ಆ ಕವರ್ ಹಿಡಿದುಕೊಂಡು ಕೌಂಟರಿನ ಮುಂದೆ ನಿಂತಿದ್ದೆ. ಆ ಕವರ್ ಇನ್ನೂ ನನ್ನ ಬೀರುವಿನಲ್ಲಿದೆ. ಈ ಕೆಲಸ ಬಿಟ್ಟು ತೋಟದಲ್ಲೇ ಇದ್ದುಬಿಡಬಾರದಾ ಅಂತ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಅದೇ.

ತಿಥಿ ಮುಗಿದ ಮಾರನೇ ದಿನ ಜಗಲಿ ಮೇಲೆ ಜಮೀನಿನ ಮಾತು ಬಂತು. ದೊಡ್ಡಪ್ಪ ಹೇಳಿದರು, "ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಬೆಂಗಳೂರಲ್ಲಿ ಕೂತ್ಕಂಡು ತೋಟ ಮಾಡಾಕಾಗಲ್ಲ ಕಣವ್ವ. ಗುತ್ತಿಗೆಗೆ ಕೊಟ್ಬುಡು, ಇಲ್ಲ ಮಾರು." ಅಮ್ಮ ಒಳಗಿಂದಲೇ, "ನಾನಿರೋ ಗಂಟ ಮಾರದು ಬ್ಯಾಡ" ಅಂದರು. ನಾನು ಮಾರುವುದಿಲ್ಲ ಅಂದೆ. ಯೋಚಿಸಿ ಹೇಳಿದ ಮಾತಲ್ಲ ಅದು. ಆ ಹೊತ್ತಿಗೆ ಬೇರೆ ಮಾತು ಬಾಯಿಗೆ ಬರಲಿಲ್ಲ.

ಜಮೀನನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆ ಮಾಡಿಸುವಾಗ ಒಂದು ಸಂಗತಿ ಕಂಡಿತು. ಅಪ್ಪನ ಹೆಸರು ಪಹಣಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಮರಣ ಪ್ರಮಾಣ ಪತ್ರದಲ್ಲಿ ಮತ್ತೊಂದು ಥರ. ಒಂದರಲ್ಲಿ ಅಜ್ಜನ ಹೆಸರು ಮುಂದೆ, ಇನ್ನೊಂದರಲ್ಲಿ ಊರಿನ ಹೆಸರು. ಮೂರೂ ಒಬ್ಬರೇ ಅಂತ ತೋರಿಸಲು ಅಫಿಡವಿಟ್, ವಂಶವೃಕ್ಷ ಎಲ್ಲ ಬೇಕಾಯಿತು. ಆಸ್ಪತ್ರೆ ಸಾಫ್ಟ್‌ವೇರಿನಲ್ಲೂ ನಮ್ಮ ತಲೆನೋವು ಇದೇ. ಒಬ್ಬನೇ ರೋಗಿ ಮೂರು ಹೆಸರಿನಲ್ಲಿ ಮೂರು ಸಲ ದಾಖಲಾಗಿರುತ್ತಾನೆ, ಅವನ ಅಲರ್ಜಿ ಒಂದು ದಾಖಲೆಯಲ್ಲಿ ಮಾತ್ರ ಇರುತ್ತದೆ. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇಡೀ ದೇಶಕ್ಕೆ ಶುರುವಾದಾಗ, ಒಬ್ಬರ ಆರೋಗ್ಯ ದಾಖಲೆಗಳನ್ನೆಲ್ಲ ಒಂದಕ್ಕೊಂದು ಸೇರಿಸುವ 14 ಅಂಕಿಯ ಆಭಾ ನಂಬರನ್ನು ನಮ್ಮ ಸಾಫ್ಟ್‌ವೇರಿಗೆ ಜೋಡಿಸುವ ಕೆಲಸವನ್ನು ನಾನು ಹಟ ಹಿಡಿದು ಮೊದಲಿಗೆ ತಂದೆ. ತಹಶೀಲ್ದಾರರ ಕಚೇರಿಯ ಬೆಂಚಿನ ಮೇಲೆ ಕಳೆದ ಆ ಮಧ್ಯಾಹ್ನಗಳಿಗೂ ಅದರಲ್ಲಿ ಪಾಲಿದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಅಮ್ಮ ಒಬ್ಬರೇ ಇದ್ದರು, ನಾನು ಊರಿಗೆ ಹೋಗಿ ಕೂತೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ತಾರಸಿಯ ನೀರಿನ ಟ್ಯಾಂಕ್ ಪಕ್ಕ ಮಾತ್ರ. ಅಲ್ಲೇ ಛತ್ರಿ ಕಟ್ಟಿಕೊಂಡು ಕೋವಿಡ್ ವಾರ್ಡಿನ ಹಾಸಿಗೆ ಲೆಕ್ಕ, ಆಕ್ಸಿಜನ್ ಲೆಕ್ಕದ ಸ್ಕ್ರೀನುಗಳನ್ನು ವಾರಗಳಲ್ಲಿ ಮಾಡಿ ಕಳಿಸಿದೆವು. ಸಂಜೆ ಐದೂವರೆಗೆ ತೋಟಕ್ಕೆ ಇಳಿಯುತ್ತಿದ್ದೆ. ಎರಡೂ ನಡೆಯಿತು. ನಾನಿದ್ದರೆ ಎಲ್ಲ ನಡೆಯುತ್ತದೆ ಅನ್ನುವ ನಂಬಿಕೆ ಬಂದಿದ್ದು ಆಗಲೇ.

ಆ ನಂಬಿಕೆಯಲ್ಲೇ ಮರಗಳಿಗೆ ನಂಬರ್ ಬರೆಸಿದೆ. 1ರಿಂದ 162, ಬಿಳಿ ಬಣ್ಣದಲ್ಲಿ. ಪ್ರತಿ ಮರಕ್ಕೂ ಒಂದು ಸಾಲು: ಕಾಯಿ ಎಷ್ಟು, ಗೊಬ್ಬರ ಯಾವಾಗ, ರೋಗ ಏನು. ನಮ್ಮ ತೋಟ ನೋಡಿಕೊಳ್ಳುವ ಗಂಡ ಹೆಂಡತಿಯನ್ನು ನಾನು ಅಣ್ಣ, ಅತ್ತಿಗೆ ಅಂತ ಕರೆಯುತ್ತೇನೆ, ಇಬ್ಬರೂ ಅಪ್ಪನ ಕಾಲದಿಂದ ಕೆಲಸಕ್ಕೆ ಇರುವವರು. ಅವರು ಒಂದು ದಿನವೂ ನಂಬರ್ ಹೇಳಲಿಲ್ಲ. ಬಾವಿ ಮರ, ಸಿಡಿಲು ಮರ, ಜೋಡಿ ಮರ, ಅಪ್ಪಾರು ಬಿದ್ದ ಮರ. "47ರಲ್ಲಿ ಏನಾಗಿದೆ ಅಣ್ಣ?" ಅಂತ ಬೆಂಗಳೂರಿನಿಂದ ಕೇಳಿದರೆ, "ಅದ್ಯಾವುದಕ್ಕಾ?" ಅನ್ನುತ್ತಿದ್ದರು. ಒಂದು ವರ್ಷ ಆದ ಮೇಲೆ ನನ್ನ ಪಟ್ಟಿಗೇ ಹೊಸ ಕಾಲಂ ಸೇರಿಸಿ ಆ ಹೆಸರುಗಳನ್ನೆಲ್ಲ ತುಂಬಿದೆ. ಅಮ್ಮನ ಹತ್ತಿರ ಕೂತು ಕೇಳಿ ಕೇಳಿ ಬರೆದುಕೊಂಡೆ. 162ರಲ್ಲಿ 90ಕ್ಕೂ ಜಾಸ್ತಿ ಮರಗಳಿಗೆ ಹೆಸರಿತ್ತು. ನನಗೆ ಗೊತ್ತಿದ್ದದ್ದು ಹತ್ತೋ ಹನ್ನೆರಡೋ.

2021ರ ಕೊನೆಯಿಂದ ವಾರಪೂರ್ತಿ ಬೆಂಗಳೂರು, ಶುಕ್ರವಾರ ರಾತ್ರಿ ಊರು ಅಂತಾಯಿತು. ರೈಲಿಗೆ ಬಂದರೆ ಕೂತು ಕೆಲಸ ಮಾಡಬಹುದು, ತಿಪಟೂರಿಗೆ ನೇರ ಇಳಿಯಬಹುದು. ಪ್ರತಿ ದಿನ ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿ, "ಎಲ್ಲ ಚೆನ್ನಾಗಿದೆಯಾ?" ಅಂತ ಕೇಳುತ್ತಿದ್ದೆ. "ಹೂಂ ಅಕ್ಕ, ಎಲ್ಲ ಚೆನ್ನಾಗೈತೆ." ಒಂದು ನಿಮಿಷದ ಮಾತು. ಆಮೇಲೆ ಮೀಟಿಂಗ್.

2022ರಲ್ಲಿ ಮಳೆ ಬಿಡಲೇ ಇಲ್ಲ. ಆಗಸ್ಟಿನಲ್ಲಿ ಕೆರೆಗಳು ಕೋಡಿ ಬಿದ್ದವು, ರಸ್ತೆ ಕೊಚ್ಚಿಹೋಗಿ ಎರಡು ವಾರ ನಾನು ಊರಿಗೆ ಹೋಗಲಿಲ್ಲ. ಮೂರನೇ ವಾರ ಹೋದಾಗ ತೋಟದ ತಗ್ಗಿನಲ್ಲಿ ಆರು ಮರಗಳ ಸುಳಿ ಬಾಡಿ ವಾಲಿತ್ತು. ಅಣ್ಣ ಒಂದು ಮರ ಹತ್ತಿ ಸುಳಿಗರಿ ಹಿಡಿದು ಎಳೆದರು. ಬುಡದಿಂದ ಕಿತ್ತು ಕೈಗೇ ಬಂತು. ಕೆಳಗೆ ಎಸೆದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಸುಳಿ ಕೊಳೆ ರೋಗ. ತೆಂಗಿಗೆ ಬೆಳೆಯುವ ಕಣ್ಣು ಒಂದೇ, ತಲೆಯ ಮೇಲೆ. ಅದು ಕೊಳೆತರೆ ಮರ ಮುಗಿಯಿತು. ಶುರುವಿನಲ್ಲೇ ಕಂಡರೆ ಕೊಳೆತದ್ದನ್ನು ಕೆತ್ತಿ ತೆಗೆದು ಬೋರ್ಡೋ ಮುಲಾಮು ಹಚ್ಚಿ, ಮಳೆ ನೀರು ಇಳಿಯದಂತೆ ಮುಚ್ಚಿದರೆ ಹೊಸ ಸುಳಿ ಬರುತ್ತದೆ.

ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿಕೊಂಡು ಬಂದು ಆ ಶನಿವಾರ, ಭಾನುವಾರ ಅದೇ ಮಾಡಿದೆವು. ಮುಲಾಮಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಸುತ್ತಲಿನ ಒಳ್ಳೆ ಮರಗಳಿಗೆ ಸಿಂಪಡಿಸುವ ದ್ರಾವಣಕ್ಕಾದರೆ ಅಷ್ಟೇ ಮೈಲುತುತ್ತ, ಅಷ್ಟೇ ಸುಣ್ಣಕ್ಕೆ 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು. ಕಬ್ಬಿಣದ ಪಾತ್ರೆ ಆಗದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾ ಮುರುಗಾ ಮಾಡಬಾರದು. ಆಮೇಲೆ ಹೊಳೆಯುವ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಚಾಕುವಿನ ಮೇಲೆ ತುಕ್ಕಿನಂಥ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಇಷ್ಟು ಸರಳವಾದ, ಇಷ್ಟು ನಂಬಿಕೆಯ ಪರೀಕ್ಷೆಯನ್ನು ನಾನು ನನ್ನ ಕೆಲಸದಲ್ಲಿ ಹೆಚ್ಚು ನೋಡಿಲ್ಲ.

ಎರಡು ಮರ ಉಳಿದವು. ನಾಲ್ಕು ಹೋದವು. ಸಿಡಿಲು ಮರ ಆ ನಾಲ್ಕರಲ್ಲಿ ಒಂದು. ಸಿಡಿಲಿಗೂ ಸಾಯದ ಮರ.

ಭಾನುವಾರ ಸಂಜೆ ಪಾತಿಯ ಅಂಚಿನಲ್ಲಿ ಕೂತಾಗ ಕೇಳಿದೆ. "ಅಣ್ಣ, ಇದು ಯಾವಾಗ ಕಂಡಿದ್ದು?" ಅವರು ತಕ್ಷಣ ಮಾತಾಡಲಿಲ್ಲ. ಆಮೇಲೆ ಹೇಳಿದರು. "ಮೂರು ವಾರ ಆತು ಅಕ್ಕ. ಮೊದ್ಲು ನೋಡಿದ್ದು ಇವಳು. ಸೋಗೆ ಎತ್ತಕೆ ಹೋದಾಗ ಸುಳಿ ಬೆಳ್ಳಗಾಗೈತೆ ಅಂದ್ಲು. ಹೇಳಾನ ಅಂತಿದ್ದೆ. ನೀವು ಫೋನ್ ಮಾಡಿ ಎಲ್ಲ ಚೆನ್ನಾಗೈತಾ ಅಂತೀರ, ಹಿಂದ್ಗಡೆ ಯಾರೋ ಇಂಗ್ಲೀಷ್‌ನಲ್ಲಿ ಕರೀತಾವ್ರೆ. ಇಂಥ ಸುದ್ದೀನ ಹೆಂಗೆ ಹೇಳಾದು ಅಂತ ಸುಮ್ಗಾದೆ."

ಮೂರು ವಾರ. ಇಪ್ಪತ್ತೊಂದು ದಿನ ನಾನು ಚೆನ್ನಾಗಿದೆಯಾ ಅಂತ ಕೇಳಿದ್ದೆ, ಅವರು ಚೆನ್ನಾಗಿದೆ ಅಂದಿದ್ದರು. ನನ್ನ ಪ್ರಶ್ನೆಯಲ್ಲೇ ಉತ್ತರ ಇತ್ತು. ಅವರು ಅದನ್ನು ವಾಪಸ್ ಕೊಟ್ಟಿದ್ದರು ಅಷ್ಟೇ.

ಇದಾದ ತಿಂಗಳೊಳಗೆ ನಾವು ಸಾಫ್ಟ್‌ವೇರ್ ಹಾಕಿದ್ದ ಒಂದು ಆಸ್ಪತ್ರೆಗೆ ಹೋಗಿದ್ದೆ. ವಾರ್ಡಿನ ನರ್ಸಿಂಗ್ ಸ್ಟೇಷನ್ನಿನಲ್ಲಿ ಕಂಪ್ಯೂಟರಿನ ಪಕ್ಕ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಬೆಳಿಗ್ಗೆ ಆರರ ಔಷಧಿ ಸುತ್ತಿನಲ್ಲಿ ಸಿಸ್ಟರುಗಳು ಅದರಲ್ಲಿ ಬರೆದುಕೊಂಡು, ಎಂಟರ ನಂತರ ಬಿಡುವಾದಾಗ ಕಂಪ್ಯೂಟರಿಗೆ ತುಂಬುತ್ತಿದ್ದರು. ನಮ್ಮ ಸ್ಕ್ರೀನಿನಲ್ಲಿ ಒಂದು ಮಾತ್ರೆ ಕೊಟ್ಟಿದ್ದನ್ನು ದಾಖಲಿಸಲು ಏಳು ಕಡೆ ಒತ್ತಬೇಕಿತ್ತು. ಮೂವತ್ತು ರೋಗಿಗಳಿಗೆ ಇಬ್ಬರು ಸಿಸ್ಟರ್. ಅವರು ಬೇರೇನು ಮಾಡಬೇಕಿತ್ತು? ಹಿಂದಿನ ವಾರ ಪಾಳಿ ಬದಲಾಗುವ ಹೊತ್ತಿನಲ್ಲಿ ಒಬ್ಬ ರೋಗಿಗೆ ಅದೇ ಇಂಜೆಕ್ಷನ್ ಎರಡನೇ ಸಲ ಕೊಡುವುದರಲ್ಲಿದ್ದರು. ಕಂಪ್ಯೂಟರಿನಲ್ಲಿ ಇನ್ನೂ ಕೊಟ್ಟಿಲ್ಲ ಅಂತ ಕಾಣುತ್ತಿತ್ತು. ಹಿರಿಯ ಸಿಸ್ಟರ್ ಒಬ್ಬರು ನೋಟ್‌ಬುಕ್ ನೋಡಿ ತಡೆದಿದ್ದರು. ನನ್ನ ತಂಡದ ಹುಡುಗನಿಗೆ ಆ ನೋಟ್‌ಬುಕ್ಕಿನ ವಿಷಯ ಎರಡು ತಿಂಗಳಿಂದ ಗೊತ್ತಿತ್ತು. ಪ್ರತಿ ಸೋಮವಾರ ಅವನು ಕಳಿಸುವ ವರದಿಯಲ್ಲಿ ಆ ಆಸ್ಪತ್ರೆಯ ಮುಂದೆ ಎಲ್ಲ ಸರಿಯಿದೆ ಅನ್ನುವ ಹಸಿರು ಬಣ್ಣ ಇರುತ್ತಿತ್ತು.

ನಾನು ಅವನ ಮೇಲೆ ಕೂಗಾಡಲಿಲ್ಲ. ಪಾತಿಯ ಅಂಚಿನಲ್ಲಿ ಕೂತು ಅಣ್ಣ ಹೇಳಿದ್ದ ಮಾತು ಆಗಷ್ಟೇ ಕೇಳಿದ್ದೆನಲ್ಲ. ಹಸಿರು ಕೇಳಿದ್ದು ನಾನು.

ಆ ರಾತ್ರಿ ಅಲ್ಲಿಯ ಮುಖ್ಯ ನರ್ಸ್ ಅವರನ್ನು ಕೇಳಿ ವಾರ್ಡಿನಲ್ಲೇ ಉಳಿದೆ. ಬೆಳಿಗ್ಗೆಯವರೆಗೆ ಒಂದು ಸ್ಟೂಲಿನ ಮೇಲೆ ಕೂತು ನೋಡಿದೆ. ಸಿಸ್ಟರ್ ಕೈಯಲ್ಲಿ ಗ್ಲೌಸ್ ಇರುತ್ತದೆ, ಪಾಸ್‌ವರ್ಡ್ ಹೊಡೆಯಲು ಗ್ಲೌಸ್ ತೆಗೆಯಬೇಕು. ರೋಗಿಯ ಕಡೆಯವರು ಮಧ್ಯೆ ಕರೆಯುತ್ತಾರೆ, ವಾಪಸ್ ಬರುವಷ್ಟರಲ್ಲಿ ಸ್ಕ್ರೀನ್ ಲಾಕ್ ಆಗಿರುತ್ತದೆ. ಆರು ವಾರದಲ್ಲಿ ಏಳು ಒತ್ತನ್ನು ಎರಡಕ್ಕೆ ಇಳಿಸಿದೆವು. ಮೂರು ತಿಂಗಳ ಮೇಲೆ ಆ ನೋಟ್‌ಬುಕ್ ಅಲ್ಲಿ ಇರಲಿಲ್ಲ.

ಕೆಲಸದ ರೀತಿಯನ್ನೂ ಬದಲಿಸಿದೆ. ಸೋಮವಾರದ ವರದಿಯಿಂದ ಬಣ್ಣ ತೆಗೆಸಿದೆ. ಅದರ ಬದಲು ಪ್ರತಿಯೊಬ್ಬರೂ ಒಂದು ಸಾಲು ಬರೆಯಬೇಕು: ಈ ವಾರ ಆಸ್ಪತ್ರೆಯವರು ನಮ್ಮ ಸಾಫ್ಟ್‌ವೇರ್ ಬಿಟ್ಟು ಕಾಗದದಲ್ಲಿ, ವಾಟ್ಸಾಪ್‌ನಲ್ಲಿ, ಬಾಯಿಮಾತಿನಲ್ಲಿ ಮಾಡಿದ್ದು ಏನು? ಮೊದಮೊದಲು ಯಾರೂ ಬರೆಯಲಿಲ್ಲ. ಬರೆದವರಿಗೆ ಏನಾಗುತ್ತದೆ ಅಂತ ಉಳಿದವರು ಕಾಯುತ್ತಿದ್ದರು ಅನ್ನಿಸುತ್ತದೆ. ಮೂರನೇ ತಿಂಗಳು, ಕೆಲಸಕ್ಕೆ ಸೇರಿ ವರ್ಷವೂ ಆಗದ ಒಬ್ಬಳು ಹುಡುಗಿ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಮ್ಮ ಸಾಫ್ಟ್‌ವೇರಿನ ಚಾಲನೆಗೆ ಎರಡು ದಿನ ಇರುವಾಗ ನನಗೆ ನೇರ ಫೋನ್ ಮಾಡಿದಳು. "ಮೇಡಂ, ಹಳೇ ಸಿಸ್ಟಮ್‌ನಲ್ಲಿ ಲ್ಯಾಬ್ ನಂಬರನ್ನ ಪ್ರತಿ ವರ್ಷ ಒಂದರಿಂದ ಶುರು ಮಾಡ್ತಿದ್ರು. ನಮ್ಮದಕ್ಕೆ ತಂದ್ರೆ ಇಬ್ಬರ ರಿಪೋರ್ಟ್ ಒಬ್ಬರಿಗೆ ಅಂಟಿಕೊಳ್ಳುತ್ತೆ. ನಿಲ್ಲಿಸಬೇಕು." ಒಬ್ಬರ ರಕ್ತದ ಪೊಟ್ಯಾಸಿಯಂ ಮಟ್ಟ ಇನ್ನೊಬ್ಬರ ಹೆಸರಿನಲ್ಲಿ ಕಂಡರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಚಾಲನೆಯನ್ನು ಹತ್ತು ದಿನ ಮುಂದೂಡಿದೆವು. ಎಲ್ಲರ ಎದುರಿಗೆ ಅವಳಿಗೆ ಥ್ಯಾಂಕ್ಸ್ ಹೇಳಿದೆ. ಆ ವಾರದಿಂದ ಸೋಮವಾರದ ಸಾಲುಗಳು ತುಂಬತೊಡಗಿದವು.

ತೋಟದಲ್ಲಿ ಮಾಡಿದ್ದು ಇನ್ನೂ ಚಿಕ್ಕದು. ಬೆಳಿಗ್ಗೆಯ ಫೋನ್ ಬಿಟ್ಟೆ. ಸಂಜೆ ಅವರಿಗೆ ಬಿಡುವಾದಾಗ ವಾಟ್ಸಾಪ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿ ಅಂದೆ. ಬರೆಯುವುದು ಬೇಡ, ಫೋಟೋನೂ ಬೇಡ. ಪ್ರಶ್ನೆ ಒಂದೇ: "ಇವತ್ತು ಕಣ್ಣಿಗೆ ಏನು ಬಿತ್ತು?" ಇದಕ್ಕೆ ಹೂಂ ಅಂತ ಉತ್ತರ ಕೊಡಲು ಆಗುವುದಿಲ್ಲ. ಮೊದಲ ವಾರ ಅಣ್ಣ ಬರೀ ನವಿಲು, ಮುಂಗುಸಿ ಸುದ್ದಿ ಕಳಿಸಿದರು. ನಾನು ಅದಕ್ಕೂ ಖುಷಿಯಿಂದ ಉತ್ತರ ಕಳಿಸಿದೆ. ನಿಧಾನಕ್ಕೆ ಸುದ್ದಿ ಮರದ ಹತ್ತಿರ ಬಂತು. ಹರಳು (ಎಳೆ ಮಿಡಿ) ಉದುರ್ತಾವೆ. ಡ್ರಿಪ್ಪಿನ ಪೈಪ್ ಇಲಿ ಕಡಿದೈತೆ. ಪಕ್ಕದವರ ತೋಟದಲ್ಲಿ ಗರಿ ಕಪ್ಪಾಗೈತೆ.

ಗರಿ ಹಾಗೆ ಕಪ್ಪಾಗುವುದು ಸುರುಳಿ ಬಿಳಿ ನೊಣದಿಂದ. ನಮ್ಮ ದೇಶದಲ್ಲಿ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಮೊದಲು ಕಂಡ ಕೀಟ, ಈಗ ನಮ್ಮ ಕಡೆಯೂ ಇದೆ. ಗರಿಯ ಹಿಂಬದಿ ಸುರುಳಿ ಸುರುಳಿಯಾಗಿ ಮೊಟ್ಟೆ ಇಡುತ್ತದೆ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಕಂಡ ತಕ್ಷಣ ಜೋರು ವಿಷ ಹೊಡೆದುಬಿಡೋಣ ಅನ್ನಿಸುವುದು ಸಹಜ. ಆದರೆ ಅದನ್ನು ತಿಂದು ಹತೋಟಿಯಲ್ಲಿಡುವ ಎನ್‌ಕಾರ್ಸಿಯಾ ಅನ್ನುವ ಸಣ್ಣ ಕಣಜವೂ ಆ ವಿಷಕ್ಕೆ ಸಾಯುತ್ತದೆ. ಗರಿಯ ಕೆಳಗಿನಿಂದ ಜೋರಾಗಿ ನೀರು ಹೊಡೆಯುವುದು, ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಆಮೇಲೆ ಕಾಯುವುದು. ಸುದ್ದಿ ಬೇಗ ಬಂದಿದ್ದರಿಂದ ಕಾಯುವಷ್ಟು ಸಮಯ ನಮಗಿತ್ತು. ತಡವಾಗಿದ್ದರೆ ಗಾಬರಿಯಲ್ಲಿ ವಿಷವನ್ನೇ ಹೊಡೆಯುತ್ತಿದ್ದೆವು.

ದೊಡ್ಡಪ್ಪನ ಗಾದೆಗೆ ನನ್ನ ತಕರಾರು ಇಲ್ಲೇ ಇದೆ. ಆಳು ಮಾಡಿದ್ದು ಹಾಳಾಗುವುದು ಆಳಿಗೆ ಕಾಣುವುದಿಲ್ಲ ಅಂತಲ್ಲ. ಮೊದಲು ಕಾಣುವುದೇ ಅವರಿಗೆ. ನಮ್ಮ ತೋಟದಲ್ಲಿ ಸುಳಿ ಬೆಳ್ಳಗಾದದ್ದನ್ನು ಮೊದಲು ಕಂಡವರು ಸೋಗೆ ಎತ್ತುವ ಅತ್ತಿಗೆ. ಆಸ್ಪತ್ರೆಯಲ್ಲಿ ಎರಡನೇ ಇಂಜೆಕ್ಷನ್ ತಡೆದವರು ಸಿಸ್ಟರ್. ನಡುವೆ ನಿಂತಿದ್ದವಳು ನಾನು.

ಮೊದಲ ವರ್ಷ ತೋಟದ ವಿಷಯವನ್ನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಗಮನ ಕಡಿಮೆ ಅಂದುಕೊಂಡಾರು ಅನ್ನುವ ಅಂಜಿಕೆ. ನಮ್ಮ ಕೆಲಸದ ಒಪ್ಪಂದದಲ್ಲಿ ಬೇರೆ ಕೆಲಸ ಮಾಡುವಂತಿಲ್ಲ ಅನ್ನುವ ಕಲಂ ಕೂಡ ಇತ್ತು. ಕೊನೆಗೆ ಎಚ್‌ಆರ್‌ಗೆ ಪತ್ರ ಬರೆದು, ತಂದೆಯಿಂದ ಬಂದ ಜಮೀನು, ಕೃಷಿ ಮಾಡುತ್ತಿದ್ದೇನೆ ಅಂತ ತಿಳಿಸಿ ಒಪ್ಪಿಗೆ ತಗೊಂಡೆ. ಹೀಗೆ ಎರಡು ಕಡೆ ದುಡಿಯುವವರಿಗೆ ನಾನು ಹೇಳುವುದು ಇಷ್ಟೇ, ಲಿಖಿತದಲ್ಲಿ ತಗೊಳ್ಳಿ. ತೆರಿಗೆಯಲ್ಲೂ ಹಾಗೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ನಿಜ. ಆದರೆ ಖರ್ಚು ಕಳೆದು 5,000 ರೂಪಾಯಿ ದಾಟಿದರೆ, ನಮ್ಮಂಥ ಸಂಬಳದವರ ತೆರಿಗೆ ದರ ಲೆಕ್ಕ ಹಾಕುವಾಗ ಅದನ್ನೂ ಸೇರಿಸುತ್ತಾರೆ. ಮುಚ್ಚಿಡಬಾರದು.

ಇನ್ನು ಕ್ಯಾಲೆಂಡರ್. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ: ಮಳೆ ಬಂದರೆ ನನ್ನ ಎರಡೂ ಕೆಲಸ ಒಟ್ಟಿಗೆ ಏರುತ್ತವೆ. ಮಳೆ ಹಿಡಿದರೆ ತೋಟದಲ್ಲಿ ಉಳುಮೆ, ಗೊಬ್ಬರ, ರಾಗಿ ಬಿತ್ತನೆ, ಸುಳಿಯ ಚಿಂತೆ. ಅದೇ ಮಳೆಗೆ ಆಸ್ಪತ್ರೆಗಳಲ್ಲಿ ಡೆಂಗಿ. ಲ್ಯಾಬಿನಲ್ಲಿ ಪ್ಲೇಟ್‌ಲೆಟ್ ಪರೀಕ್ಷೆಗಳು ಏಕಾಏಕಿ ಹೆಚ್ಚಿ, ಹೊರೆ ತಾಳದೆ ಸರ್ವರ್ ನಿಧಾನವಾಗುತ್ತದೆ. 2024ರಲ್ಲಂತೂ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತು. ಹಾಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ನಾವು ಯಾವ ಆಸ್ಪತ್ರೆಯಲ್ಲೂ ಹೊಸ ಚಾಲನೆ ಇಟ್ಟುಕೊಳ್ಳುವುದಿಲ್ಲ. ಆಸ್ಪತ್ರೆಯವರಿಗೂ ಅದೇ ಬೇಕು. ದೊಡ್ಡ ಕೆಲಸಗಳು ಜನವರಿಯಿಂದ ಏಪ್ರಿಲ್. ನವೆಂಬರ್ ಕೊನೆಯಲ್ಲಿ ರಾಗಿ ಕಟಾವಿಗೆ ನಾಲ್ಕು ದಿನ ರಜೆ, ಅದನ್ನು ಜನವರಿಯಲ್ಲೇ ಬರೆದಿಡುತ್ತೇನೆ. ಆ ನಾಲ್ಕು ದಿನ ನನ್ನ ಜಾಗದಲ್ಲಿ ನಿರ್ಧಾರ ತಗೊಳ್ಳುವವರು ಯಾರು ಅಂತಲೂ ಬರೆದಿರುತ್ತದೆ. ಅವರ ನಿರ್ಧಾರವನ್ನು ವಾಪಸ್ ಬಂದು ತಿರುಗಿಸುವುದಿಲ್ಲ.

ದುಡ್ಡಿನ ವಿಷಯ ಮುಚ್ಚಿಡದೆ ಹೇಳುತ್ತೇನೆ. ನಮ್ಮಲ್ಲಿ ಕಾಯಿಯನ್ನು ಹಸಿಯಾಗಿ ಮಾರುವುದಕ್ಕಿಂತ ಅಟ್ಟಕ್ಕೆ ಹಾಕುವುದು ಜಾಸ್ತಿ. ಎಂಟು ತಿಂಗಳಿಂದ ವರ್ಷದವರೆಗೆ ಅಟ್ಟದಲ್ಲಿ ಕೂತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಲೊಡ ಲೊಡ ಅನ್ನಬೇಕು. 2023ರಲ್ಲಿ ನಾನು ಸುಮಾರು 8,000 ಕಾಯಿ ಸುಲಿಸಿ 11 ಕ್ವಿಂಟಲ್ ಕೊಬ್ಬರಿ ಮಾಡಿಸಿದೆ. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಎಂಟು ಸಾವಿರದ ಆಸುಪಾಸು. ಅಣ್ಣ ಅತ್ತಿಗೆಯ ಸಂಬಳ, ಕಾಯಿ ಕೀಳುವವರು, ಸುಲಿಯುವವರು, ಚಿಪ್ಪು ಒಡೆಯುವ ಹೆಂಗಸರ ಕೂಲಿ ಎಲ್ಲ ಕಳೆದರೆ ಕೈಯಿಂದ ಹಾಕಿದ್ದೇ ಜಾಸ್ತಿ. ನನ್ನ ಸಂಬಳ ಆ ಗುಂಡಿ ಮುಚ್ಚಿತು. ಸಂಬಳ ಇಲ್ಲದ ಪಕ್ಕದ ತೋಟದವರು ಆ ವರ್ಷ ಹೇಗೆ ತಡೆದುಕೊಂಡರು ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ. ಅದೇ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಬರದ ಪೆಟ್ಟು ತೆಂಗಿನಲ್ಲಿ ಅದೇ ವರ್ಷಕ್ಕೆ ಮುಗಿಯುವುದಿಲ್ಲ, ಮುಂದಿನ ಎರಡು ವರ್ಷ ಕಾಯಿ ಕಡಿಮೆ. 2025ರಲ್ಲಿ ಕೊಬ್ಬರಿ ಕ್ವಿಂಟಲಿಗೆ 25,000 ದಾಟಿದಾಗ ನಮ್ಮ ಅಟ್ಟದಲ್ಲಿ ಇದ್ದದ್ದು ಐದು ಕ್ವಿಂಟಲ್ ಆಗುವಷ್ಟು. ಅದರಲ್ಲಿ ಐದನೇ ಒಂದು ಪಾಲು ಅಣ್ಣ ಅತ್ತಿಗೆಗೆ, ಸಂಬಳದ ಮೇಲೆ. 2022ರ ಮರಗಳು ಹೋದ ಮೇಲೆ ನಾನೇ ಮಾಡಿದ ಏರ್ಪಾಡು ಅದು.

2024ರ ಏಪ್ರಿಲ್, ಒಂದು ಶನಿವಾರ ರಾತ್ರಿ. ಬೇರೆ ಊರಿನ 200 ಹಾಸಿಗೆಯ ಆಸ್ಪತ್ರೆಯಲ್ಲಿ ಹಳೇ ಸಾಫ್ಟ್‌ವೇರ್ ಮುಚ್ಚಿ ನಮ್ಮದು ತೆರೆಯುವ ಹೊತ್ತು. ಹೊರರೋಗಿಗಳು ಕಡಿಮೆ ಅಂತ ಶನಿವಾರ ರಾತ್ರಿಯೇ ಮಾಡುವುದು. 2.10ಕ್ಕೆ ಸ್ಟಾರ್ಟರಿನ ಕರೆ ಬಂತು, ಒಂದು ಫೇಸ್ ಇಲ್ಲ ಅಂತ. ಒಂದು ಫೇಸ್ ಹೋದರೆ ಸ್ಟಾರ್ಟರ್ ತಾನೇ ಮೋಟರ್ ನಿಲ್ಲಿಸುತ್ತದೆ. ಫೋನ್ ಕೆಳಗಿಟ್ಟು ಬ್ಲಡ್ ಬ್ಯಾಂಕಿನ ಲೆಕ್ಕ ತಾಳೆ ನೋಡುವುದಕ್ಕೆ ಹೋದೆ. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ, ಲ್ಯಾಬಿನಿಂದ ಮೊದಲ ರಿಪೋರ್ಟ್ ವಾರ್ಡಿನ ಸ್ಕ್ರೀನಿನಲ್ಲಿ ಕಂಡು ಎಲ್ಲರೂ ಉಸಿರು ಬಿಡುತ್ತಿದ್ದಾಗ, ಅಣ್ಣನ ಮಾತು ಬಂತು.

"ಅಕ್ಕ, ಮೋಟ್ರು ಸುಟ್ಟೋಗೈತೆ. ವೋಲ್ಟೇಜ್ ಕಮ್ಮಿ ಬಂದು ಬಂದು ಸ್ಟಾರ್ಟರ್ ಕಟ್ ಆಗ್ತಿತ್ತು. ಸಸಿ ಒಣಗ್ತಾವೆ ಅಂತ ಮೊನ್ನೆ ನಾನೇ ವೈರ್ ಬಿಚ್ಚಿ ಸ್ಟಾರ್ಟರ್ ಬಿಟ್ಟು ಡೈರೆಕ್ಟ್ ಕೊಟ್ಟಿದ್ದೆ. ತಪ್ಪು ನಂದೇ. ಪೈಪ್ ಎತ್ತೋರಿಗೆ ಹೇಳೀನಿ, ಹತ್ತು ಗಂಟೆಗೆ ಬತ್ತಾರೆ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅದನ್ನು ಎರಡು ಸಲ ಕೇಳಿದೆ. ಪಂಪು ಎತ್ತಿ, ವೈಂಡಿಂಗ್ ಮಾಡಿಸಿ, ಇಳಿಸಲು 28,000 ರೂಪಾಯಿ ಆಯಿತು. ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ದಿನ ನೀರಿಲ್ಲ, ಸಸಿಗಳಿಗೆ ಟ್ಯಾಂಕರ್ ತರಿಸಿದೆವು. ಆದರೆ ಆಗ ನನಗೆ ಅನ್ನಿಸಿದ್ದು ಒಂದೇ, ಅವರು ಹೇಳಿದರು. ಮೋಟರ್ ಸುಟ್ಟ ಹೆಚ್ಚುಕಮ್ಮಿ ನಾಲ್ಕು ಗಂಟೆಯಲ್ಲಿ, ಯಾರೂ ಕೇಳದೆ, ತನ್ನದೇ ತಪ್ಪನ್ನು. "ಬೇಗ ಹೇಳಿದ್ದು ಒಳ್ಳೇದಾಯ್ತು ಅಣ್ಣ. ಕಟ್ ಆಗ್ತಿತ್ತು ಅಂತ ನನಗೆ ಮೊದಲೇ ಗೊತ್ತಾಗಬೇಕಿತ್ತು. ರಾತ್ರಿ ನನಗೂ ಕರೆ ಬಂದಿತ್ತು, ನಾನೂ ನೋಡಲಿಲ್ಲ" ಅಂತ ಉತ್ತರ ಕಳಿಸಿದೆ.

ಹೋದ ನಾಲ್ಕು ಮರಗಳ ಜಾಗದಲ್ಲಿ ತಿಪಟೂರು ಟಾಲ್ ತಳಿಯ ತೆಂಗಿನ ಸಸಿ ನೆಟ್ಟಿದ್ದೇವೆ. ಕಾಯಿ ಕಾಣಲು ಇನ್ನೂ ವರ್ಷಗಳಿವೆ. ಸಿಡಿಲು ಮರದ ಜಾಗದಲ್ಲಿ ಬಂದದ್ದನ್ನು ಅಮ್ಮ ಈಗಾಗಲೇ ಸಿಡಿಲು ಸಸಿ ಅಂತ ಕರೆಯುತ್ತಾರೆ.

ಅತ್ತಿಗೆ ನನ್ನ ಹತ್ತಿರ ಫೋನಿನಲ್ಲಿ ಎಂದೂ ಮಾತಾಡಿದವರಲ್ಲ. ಹೇಳಬೇಕಾದ್ದು ಏನಿದ್ದರೂ ಗಂಡನ ಕೈಲಿ ಹೇಳಿಸುವುದು. ಕಳೆದ ಗುರುವಾರ ಸಂಜೆ ನಾನು ಒಂದು ಮೀಟಿಂಗಿನಲ್ಲಿದ್ದಾಗ ಅಣ್ಣನ ನಂಬರಿನಿಂದ ಬಂದ ಮಾತನ್ನು ಹೊರಗೆ ಬಂದು ಕೇಳಿದೆ. ದನಿ ಅತ್ತಿಗೆಯದು. ಹಿಂದೆ ಕೋಳಿ ಸದ್ದು.

"ಅಕ್ಕ, ನಾನು. ಸಿಡಿಲು ಸಸಿ ಐತಲ್ಲ, ಅದರ ಸುಳಿ ಪಕ್ಕದ ಗರೀಲಿ ಕತ್ತರಿ ತಗಂಡು ಕತ್ತರಿಸಿದಂಗೆ ಐತೆ. ದುಂಬಿ ಇರಬೋದು. ಇವರು ಇನ್ನೂ ನೋಡಿಲ್ಲ, ಸಂತೆಗೆ ಹೋಗವ್ರೆ. ನಾನು ಕಂಬಿ ಹಾಕಿ ದುಂಬಿ ಎಳೆದು ನೋಡ್ಲಾ?"